ಸಂಘಕ್ಕೊಂದು ಆ್ಯಪ್ ಮಾಡಿಸುವ ಮುನ್ನ

ಪತ್ತಿನ ಸಹಕಾರ ಸಂಘ, ಶಾಲೆ, ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ, ಸಣ್ಣ ಕ್ಲಿನಿಕ್, ಎಲ್ಲಿ ಹೋದರೂ ಈಗ ಆ್ಯಪ್ ಮಾಡಿಸುವ ಮಾತು. ಮಾಡಿಸಿ ಕೆಲವು ತಿಂಗಳಾದ ಮೇಲೂ ಕಚೇರಿಯ ಕಿಟಕಿ ಮುಂದೆ ಅದೇ ಹಳೆಯ ಸಾಲು ನಿಂತಿರುತ್ತದೆ. "ನಮ್ಮ ಸದಸ್ಯರಿಗೆ ಆ್ಯಪ್ ಬಳಸೋಕೆ ಬರಲ್ಲ" ಎನ್ನುತ್ತಾರೆ ಕಾರ್ಯದರ್ಶಿಗಳು. ಅದೇ ಸದಸ್ಯರು ವಾಟ್ಸ್ಆ್ಯಪ್‌ನಲ್ಲಿ ಮಗಳಿಗೆ ಧ್ವನಿ ಸಂದೇಶ ಕಳಿಸುತ್ತಾರೆ, ಯೂಟ್ಯೂಬ್‌ನಲ್ಲಿ ಬೇಕಾದ್ದನ್ನು ಹುಡುಕಿ ನೋಡುತ್ತಾರೆ. ಹಾಗಾಗಿ ತೊಡಕನ್ನು ಆ್ಯಪ್‌ನಲ್ಲೇ ಹುಡುಕಬೇಕು. ದುಡ್ಡು ಕೊಡುವ ಮೊದಲೇ ಹುಡುಕಿದರೆ ಇನ್ನೂ ಒಳ್ಳೆಯದು.

ಈ ಕೆಲಸಕ್ಕೆ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎನ್ನುತ್ತಾರೆ, ಚಿಕ್ಕದಾಗಿ ಯುಎಕ್ಸ್. ಅಂದರೆ ಬಳಸುವವರ ಅನುಭವವನ್ನು ಮೊದಲೇ ಯೋಚಿಸಿ ರೂಪಿಸುವುದು. ಅಮೆರಿಕದ ಡಾನ್ ನಾರ್ಮನ್ 1990ರ ದಶಕದಲ್ಲಿ ಆಪಲ್ ಕಂಪನಿಯಲ್ಲಿದ್ದಾಗ ಈ ಹೆಸರನ್ನು ಬಳಕೆಗೆ ತಂದರು. ಬಣ್ಣ, ಚಿತ್ರ, ಬಟನ್ನುಗಳೆಲ್ಲ ಇದರ ಒಂದು ಭಾಗ ಮಾತ್ರ. "ನನ್ನ ಸಾಲ ಎಷ್ಟು ಬಾಕಿ ಇದೆ" ಎಂದು ಸದಸ್ಯರಿಗೆ ಅನ್ನಿಸಿದ ಗಳಿಗೆಯಿಂದ ಉತ್ತರ ಸಿಗುವವರೆಗಿನ ಪೂರ್ತಿ ದಾರಿ ಇದರಲ್ಲಿ ಸೇರುತ್ತದೆ.

ತರಕಾರಿ ಅಂಗಡಿಯಲ್ಲಿರುವ ಸೌಂಡ್‌ಬಾಕ್ಸ್ ನೋಡಿ. ವ್ಯಾಪಾರಿಯ ಎರಡೂ ಕೈ ತಕ್ಕಡಿಯ ಮೇಲಿರುತ್ತವೆ, ಫೋನು ಜೇಬಿನಲ್ಲಿರುತ್ತದೆ, ಎದುರಿಗೆ ಗಿರಾಕಿಗಳ ಗದ್ದಲ. ಬಂದ ಮೊತ್ತವನ್ನು ಡಬ್ಬಿ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಅವರು ಪರದೆ ನೋಡಬೇಕಿಲ್ಲ, ಎಸ್‌ಎಂಎಸ್‌ಗೆ ಕಾಯಬೇಕಿಲ್ಲ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಕಿಲ್ಲ. ಅಂಗಡಿಯ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯದೆ ಇಂಥದ್ದನ್ನು ಮಾಡಲಾಗದು.

ನೀವೂ ಅಲ್ಲಿಂದಲೇ ಶುರು ಮಾಡಿ. ಕಚೇರಿಯ ಕಿಟಕಿ ಬಳಿ ಒಂದು ಬೆಳಗ್ಗೆ ಕುಳಿತು, ಜನ ಏನು ಕೇಳಲು ಬರುತ್ತಾರೆಂದು ಬರೆದುಕೊಳ್ಳಿ. ಮತ್ತೆ ಮತ್ತೆ ಬರುವ ಎರಡು ಮೂರು ಪ್ರಶ್ನೆಗಳೇ ಆ್ಯಪ್‌ನ ಮೊದಲ ಪುಟದಲ್ಲಿರಬೇಕು. ಅಧ್ಯಕ್ಷರ ಸಂದೇಶ, ಸಮಾರಂಭದ ಫೋಟೊ ಹಿಂದಕ್ಕೆ ಸರಿಯಲಿ. ಆಮೇಲೆ ಒಂದೊಂದು ಪುಟವನ್ನೂ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಇದು ಪ್ರೋಟೋಟೈಪ್, ಅಂದರೆ ಕಚ್ಚಾ ಮಾದರಿ. ಬಟನ್ ಬರೆದ ಜಾಗಕ್ಕೆ ಜನ ಬೆರಳಿಟ್ಟರೆ ನೀವು ಮುಂದಿನ ಹಾಳೆ ಇಡುತ್ತೀರಿ, ಅಷ್ಟೆ. ಹಾಳೆಯಲ್ಲಿ ತಪ್ಪು ಕಂಡರೆ ರಬ್ಬರ್ ಸಾಕು.

ಮುಂದಿನದು ಪರೀಕ್ಷೆ. ಐವರನ್ನು ಒಬ್ಬೊಬ್ಬರಾಗಿ ಕೂರಿಸಿ. ಐದೇ ಜನ ಸಾಕೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಜೇಕಬ್ ನೀಲ್ಸನ್ ಎಂಬ ತಜ್ಞರು 2000ರಲ್ಲಿ ಕೊಟ್ಟ ಸಲಹೆ ಇದು: ಹದಿನೈದು ಜನರನ್ನು ಒಂದೇ ಸಲ ಕರೆಯುವ ಬದಲು ಐವರನ್ನು ಕರೆಯಿರಿ, ಕಂಡ ತಪ್ಪು ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯಿರಿ. ದೊಡ್ಡ ತೊಡಕುಗಳು ಮೊದಲ ಕೆಲವರಲ್ಲೇ ಹೊರಬೀಳುತ್ತವೆ. ಆದರೆ ಆ ಐವರು ಕಚೇರಿಯ ಹುಡುಗರಾಗಿದ್ದರೆ ಏನೂ ಉಪಯೋಗವಿಲ್ಲ. ಓದಲು ಕನ್ನಡಕ ಬೇಕಾದವರು, ಹಳೆಯ ಫೋನಿನವರು, ಕನ್ನಡ ಬಿಟ್ಟು ಬೇರೆ ಓದಲಾರದವರು ಅದರಲ್ಲಿ ಇರಲಿ.

"ಇಲ್ಲಿ ಒತ್ತಿ" ಎಂದು ಹೇಳಬೇಡಿ. "ನಿಮ್ಮ ಸಾಲದ ಬಾಕಿ ಎಷ್ಟಿದೆ ನೋಡಿ ಹೇಳಿ, ಅಮ್ಮ" ಎಂದು ಕೆಲಸ ಕೊಡಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಅವರ ಬೆರಳು ಎಲ್ಲಿ ಅನುಮಾನಿಸಿ ನಿಂತಿತು, ಎಲ್ಲಿ ತಿರುಗಿ ನಿಮ್ಮ ಮುಖ ನೋಡಿದರು, ಅದನ್ನೆಲ್ಲ ಬರೆದುಕೊಳ್ಳಿ. ಶುರುವಿನಲ್ಲೇ "ನಾವು ಪರೀಕ್ಷೆ ಮಾಡ್ತಿರೋದು ಆ್ಯಪನ್ನು, ನಿಮ್ಮನ್ನಲ್ಲ" ಎಂದು ಹೇಳಿಬಿಟ್ಟರೆ ಅವರಿಗೂ ಸಂಕೋಚ ಕಡಿಮೆ.

ಜನ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅರ್ಜಿ ತುಂಬುವಲ್ಲಿ. ಹುಟ್ಟಿದ ದಿನಾಂಕಕ್ಕೆ ಡೆವಲಪರ್‌ಗಳು, ಅಂದರೆ ಆ್ಯಪ್ ಬರೆಯುವವರು, ಕ್ಯಾಲೆಂಡರ್ ಇಟ್ಟಿರುತ್ತಾರೆ. ಅದು ಈ ತಿಂಗಳಿಗೆ ತೆರೆದುಕೊಳ್ಳುತ್ತದೆ. 1956ರಲ್ಲಿ ಹುಟ್ಟಿದವರು ಒಂದೊಂದೇ ತಿಂಗಳು ಹಿಂದೆ ಹೋಗುವುದಾದರೆ 800ಕ್ಕೂ ಹೆಚ್ಚು ಸಲ ಬಾಣದ ಗುರುತು ಒತ್ತಬೇಕು. ಮೇಲಿರುವ ಇಸವಿಯನ್ನು ಮುಟ್ಟಿದರೆ ಪಟ್ಟಿ ಬರುತ್ತದೆಂದು ಅವರಿಗೆ ಯಾರು ಹೇಳಬೇಕು? ದಿನ, ತಿಂಗಳು, ಇಸವಿಗೆ ಮೂರು ಖಾಲಿ ಚೌಕ ಇಟ್ಟರೆ ಮುಗಿಯಿತು. ಬ್ರಿಟನ್ ಸರ್ಕಾರದ ವಿನ್ಯಾಸ ಮಾರ್ಗಸೂಚಿಯೂ ಹುಟ್ಟಿದ ದಿನಾಂಕಕ್ಕೆ ಇದನ್ನೇ ಹೇಳುತ್ತದೆ.

ಹೆಸರಿನದು ಇನ್ನೊಂದು ಪಾಡು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಸಾಮಾನ್ಯ. ಹಳೇ ಮೈಸೂರಿನ ಕಡೆ ಬಹಳ ಜನರಿಗೆ ಇನಿಷಿಯಲ್ ಮಾತ್ರ. "ಸರ್‌ನೇಮ್ ಕಡ್ಡಾಯ" ಎಂದರೆ ಅವರು ಚುಕ್ಕಿ ಹಾಕುತ್ತಾರೆ, ಇಲ್ಲವೇ ಅಪ್ಪನ ಹೆಸರು ಬರೆಯುತ್ತಾರೆ. ನಾಳೆ ಅದು ಪಾಸ್‌ಬುಕ್ಕಿಗೆ ತಾಳೆಯಾಗುವುದಿಲ್ಲ. "ಆಧಾರ್‌ನಲ್ಲಿರುವಂತೆ ಪೂರ್ತಿ ಹೆಸರು" ಎಂದು ಒಂದೇ ಖಾನೆ ಇಡಿಸಿ. ಮೊಬೈಲ್ ಸಂಖ್ಯೆಯ ಖಾನೆ ಮುಟ್ಟಿದರೆ ಅಂಕಿಗಳ ಕೀಲಿಮಣೆಯೇ ಬರಬೇಕು. ಒಟಿಪಿ ನೋಡಲು ಎಸ್‌ಎಂಎಸ್‌ಗೆ ಹೋಗಿ ಬಂದರೆ ತುಂಬಿದ ಅರ್ಜಿ ಹಾಗೇ ಇರಬೇಕು. ತಪ್ಪಾದಾಗ "ಅಮಾನ್ಯ ನಮೂದು" ಎಂದು ಕೆಂಪಕ್ಷರ ತೋರಿಸಿದರೆ ಯಾರಿಗೇನು ತಿಳಿಯುತ್ತದೆ? "ಮೊಬೈಲ್ ಸಂಖ್ಯೆಗೆ 10 ಅಂಕಿ ಬೇಕು, ನೀವು 9 ಹಾಕಿದ್ದೀರಿ" ಎಂದು ಬರೆಸಿ.

ಕನ್ನಡದ ಲಿಪಿಗೂ ಜಾಗ ಬೇಕು. ಇಂಗ್ಲಿಷಿಗೆಂದು ಅಳತೆ ಮಾಡಿದ ಬಟನ್ನಿನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. "ಜ್ಯೋತ್ಸ್ನಾ", "ರಾಷ್ಟ್ರೀಯ" ಎಂದು ಹಾಕಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಲು ಹೇಳಿ. ಸದಸ್ಯರ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನುಗಳೂ ಓದುವ ಅಕ್ಷರ ಸಂಕೇತಕ್ಕೆ, ಬದಲಿಸಲೇಬೇಕು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ಕಣ್ಣು ಮತ್ತು ಬೆರಳಿಗೆ ಅಂತರರಾಷ್ಟ್ರೀಯ ಅಳತೆಗಳೇ ಇವೆ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಗಾಢ ತಿಳಿಗಳ ವ್ಯತ್ಯಾಸ, ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಇದರಲ್ಲಿ ಫೇಲಾಗುತ್ತದೆ. ಮುಟ್ಟುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ ಆಂಡ್ರಾಯ್ಡ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ ಆ್ಯಪ್ ತೆರೆಯಿರಿ. ವಯಸ್ಸಾದವರ ಫೋನು ಹಾಗೇ ಇರುತ್ತದೆ. ಆಮೇಲೆ ಟಾಕ್‌ಬ್ಯಾಕ್ ಹಚ್ಚಿ. ಇದು ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸೌಲಭ್ಯ, ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇದ್ದೇ ಇರುತ್ತದೆ. ಬಟನ್ನಿನ ಹೆಸರಿನ ಬದಲು ಬರೀ "ಬಟನ್" ಎಂದು ಓದಿದರೆ ಡೆವಲಪರ್ ಹೆಸರು ಕೊಟ್ಟಿಲ್ಲ ಎಂದರ್ಥ. ಚಿಕ್ಕ ಕೆಲಸ, ಬಿಡಬೇಡಿ, ಮಾಡಿಸಿ.

ಖರ್ಚಿಗೆ ಬರೋಣ. ಕಿಟಕಿ ಬಳಿ ಕೂರುವುದಕ್ಕೆ, ಹಾಳೆ ಪೆನ್ಸಿಲ್ಲಿಗೆ ಹೆಚ್ಚೇನೂ ಬೇಡ. ಐವರ ಪರೀಕ್ಷೆಗೆ ಬಸ್ ಚಾರ್ಜು, ತಿಂಡಿ ಕಾಫಿ. ಅವರ ಸಮಯಕ್ಕೆ ಸ್ವಲ್ಪ ಗೌರವಧನ ಕೊಡುವುದು ನ್ಯಾಯ. ಪರದೆಯ ಮೇಲೆ ಮಾದರಿ ಮಾಡಲು ಫಿಗ್ಮಾದ ಉಚಿತ ಯೋಜನೆ ಇದೆ. ಪೆನ್‌ಪಾಟ್ ಮುಕ್ತ ತಂತ್ರಾಂಶ, ಉಚಿತವಾಗಿ ಬಳಸಬಹುದು. ಗೂಗಲ್ ಫಾಂಟ್ಸ್ ತಾಣದಲ್ಲಿ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳು ಉಚಿತ. ಕಾಂಟ್ರಾಸ್ಟ್ ಅಳೆಯಲು ವೆಬ್‌ಏಮ್ ಸಂಸ್ಥೆಯ ತಾಣ ಸಾಕು. ಕಲಿಯುವ ಆಸೆ ಇದ್ದವರಿಗೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಈ ವಿಷಯದ ಪಾಠಗಳನ್ನು ಬಿಟ್ಟಿಯಾಗಿ ನೋಡಬಹುದು. ಬೆಂಗಳೂರಿನಲ್ಲಿ ಎನ್‌ಐಡಿ, ಸೃಷ್ಟಿಯಂಥ ವಿನ್ಯಾಸ ಸಂಸ್ಥೆಗಳಿವೆ. ಯಾರಾದರೂ ವಿದ್ಯಾರ್ಥಿ ನಿಮ್ಮ ಕೆಲಸವನ್ನು ಪ್ರಾಜೆಕ್ಟ್ ಆಗಿ ಮಾಡುತ್ತಾರೆಯೇ ಎಂದು ಕೇಳಿ ನೋಡಬಹುದು.

ಆ್ಯಪೇ ಬೇಕೇ ಎಂಬುದನ್ನೂ ಯೋಚಿಸಿ. ಸದಸ್ಯರು ಆರು ತಿಂಗಳಿಗೊಮ್ಮೆ ತೆರೆಯುವುದಾದರೆ, ಫೋನಿನಲ್ಲಿ ಜಾಗ ಸಾಲದಾದಾಗ ಅವರು ಮೊದಲು ಅಳಿಸುವುದು ಅದನ್ನೇ. ಅಂಥ ಕಡೆ ಮೊಬೈಲಿನಲ್ಲಿ ಚೆನ್ನಾಗಿ ತೆರೆಯುವ ಒಂದು ವೆಬ್‌ಸೈಟ್ ಮತ್ತು ತಿಂಗಳಿಗೊಂದು ಬಾಕಿಯ ಎಸ್‌ಎಂಎಸ್ ಹೆಚ್ಚು ಕೆಲಸ ಮಾಡುತ್ತವೆ.

ಆದರೂ ಆ್ಯಪೇ ಬೇಕೆಂದಾದರೆ ಕೊಟೇಶನ್ ತರಿಸುವಾಗ "ಬಳಕೆದಾರರ ಪರೀಕ್ಷೆ, ಎರಡು ಸುತ್ತು" ಎಂಬ ಪ್ರತ್ಯೇಕ ಸಾಲು ಹಾಕಿಸಿ. ಕೊನೆಯ ಕಂತನ್ನು ಎರಡನೇ ಸುತ್ತು ಮುಗಿದು ತಿದ್ದುಪಡಿ ಆದ ಮೇಲೆ ಕೊಡುವುದೆಂದು ಒಪ್ಪಂದದಲ್ಲೇ ಬರೆದುಕೊಳ್ಳಿ. ಪರದೆಯ ಮೇಲಿನ ಕನ್ನಡ ಪದಗಳನ್ನು ನೀವೇ ಬದಲಿಸಿಕೊಳ್ಳುವ ಅನುಕೂಲವನ್ನೂ ಅದರಲ್ಲೇ ಸೇರಿಸಿ. ಇಲ್ಲದಿದ್ದರೆ ಒಂದು ಕಾಗುಣಿತ ತಿದ್ದಿಸಲೂ ಡೆವಲಪರ್‌ಗೆ ಫೋನು ಮಾಡುತ್ತಾ ಕೂರಬೇಕಾಗುತ್ತದೆ.