ಬಿಗ್ ಬಾಸ್ ರಿಯಾಕ್ಷನ್ ಚಾನೆಲ್ ಮಾಡ್ಬೇಕಾ? ಟಿವಿ ಕ್ಲಿಪ್ ಹಾಕೋಕೂ ಮುಂಚೆ ಇದನ್ನ ಓದಿ

ಹಾವೇರಿ: ಬಿಗ್ ಬಾಸ್ ಕನ್ನಡ ಶುರುವಾದ್ರೆ ಸಾಕು, ರಾತ್ರಿ ಎಪಿಸೋಡ್ ಮುಗಿಯೋ ಹೊತ್ತಿಗೆ ಯೂಟ್ಯೂಬ್ ತುಂಬಾ ರಿವ್ಯೂ, ರಿಯಾಕ್ಷನ್ ವಿಡಿಯೋಗಳು. ಉಸ್ತುವಾರಿ ಸರಿಯಾಗಿ ಮಾಡಿದ್ರಾ, ಈ ವಾರ ಕಳಪೆ ಯಾರಿಗೆ ಹೋಗ್ಬೇಕಿತ್ತು, ಯಾರು ಮನೆಯಿಂದ ಆಚೆ ಬರ್ತಾರೆ ಅಂತ ಮಾತಾಡೋರಲ್ಲಿ ಸ್ಟುಡಿಯೋ ಇಟ್ಕೊಂಡವರು ಕಡಿಮೆ. ಮನೆಯ ಒಂದು ಕೋಣೆ, ಕೈಯಲ್ಲಿ ಒಂದು ಮೊಬೈಲ್, ಅಷ್ಟೇ. ನಮ್ಮ ಜಿಲ್ಲೆಗಂತೂ ಈ ಶೋ ಬೇರೆ ಊರಿನದಲ್ಲ. ಸವಣೂರು ತಾಲೂಕಿನ ಚಿಲ್ಲೂರ ಬಡ್ನಿಯ ಹನುಮಂತ 11ನೇ ಸೀಸನ್ ಗೆದ್ದಿದ್ದು 2025ರ ಜನವರಿಯಲ್ಲಿ. ‘ನಾವೂ ಒಂದು ಚಾನೆಲ್ ಮಾಡಿದ್ರೆ ಹೆಂಗೆ?’ ಅನ್ನೋ ಯೋಚನೆ ಯಾರಿಗೆ ಬಂದ್ರೂ ಆಶ್ಚರ್ಯವಿಲ್ಲ.

ಚಾನೆಲ್ ತೆರೆಯೋಕೆ ಹತ್ತು ನಿಮಿಷ ಸಾಕು. ಆದರೆ ನೂರು ದಿನ ನಿದ್ದೆಗೆಟ್ಟು ಕಟ್ಟಿದ ಚಾನೆಲ್ ಒಂದೇ ದಿನದಲ್ಲಿ ಅಳಿಸಿ ಹೋಗೋ ಸಾಧ್ಯತೆಯೂ ಈ ಕೆಲಸದಲ್ಲಿದೆ. ಕಾರಣ ಹೆಚ್ಚಿನ ಸಲ ಒಂದೇ: ವಿಡಿಯೋದಲ್ಲಿ ಮಾತಿಗಿಂತ ಟಿವಿಯ ದೃಶ್ಯ ಜಾಸ್ತಿ ಇರೋದು. ಹಾಗಾಗಿ ಮೈಕ್, ಲೈಟ್ ಅಂತ ಹೋಗೋ ಮುಂಚೆ ಈ ಕ್ಲಿಪ್ ವಿಷಯವನ್ನೇ ಮೊದಲು ತಿಳ್ಕೊಳ್ಳೋಣ.

ಕ್ಲಿಪ್ ಹಾಕಿದ್ರೆ ಏನಾಗುತ್ತೆ?

ಯೂಟ್ಯೂಬ್‌ನಲ್ಲಿ ‘ಕಂಟೆಂಟ್ ಐಡಿ’ ಅಂತ ಒಂದು ವ್ಯವಸ್ಥೆ ಇದೆ. ವಾಹಿನಿಗಳು, ಸಿನಿಮಾ ಮತ್ತು ಆಡಿಯೋ ಕಂಪನಿಗಳು ತಮ್ಮ ಕಾರ್ಯಕ್ರಮ, ಹಾಡುಗಳ ಪ್ರತಿಯನ್ನು ಅದಕ್ಕೆ ಕೊಟ್ಟಿರುತ್ತವೆ. ನೀವು ಅಪ್‌ಲೋಡ್ ಮಾಡಿದ ವಿಡಿಯೋವನ್ನು ಅದು ಬೆರಳಚ್ಚು ಹೋಲಿಸಿದ ಹಾಗೆ ಹೋಲಿಸಿ ನೋಡುತ್ತೆ. ಹೊಂದಿಕೆ ಆದರೆ ಮಾಲೀಕರ ಮುಂದೆ ಮೂರು ದಾರಿ: ವಿಡಿಯೋ ಬ್ಲಾಕ್ ಮಾಡೋದು, ಅದರಲ್ಲಿ ಬರೋ ಜಾಹೀರಾತಿನ ಹಣ ತಾವೇ ತಗೊಳ್ಳೋದು, ಇಲ್ಲವೇ ಸುಮ್ಮನೆ ಎಷ್ಟು ಜನ ನೋಡಿದ್ರು ಅಂತ ಗಮನಿಸೋದು. ಇದಕ್ಕೆ ‘ಕ್ಲೇಮ್’ ಅಂತಾರೆ. ಕ್ಲೇಮ್ ಬಂದರೆ ದುಡ್ಡು ಹೋಗಬಹುದು, ಚಾನೆಲ್‌ಗೆ ಸಾಮಾನ್ಯವಾಗಿ ಪೆಟ್ಟಿಲ್ಲ.

‘ಸ್ಟ್ರೈಕ್’ ಬೇರೆ. ಮಾಲೀಕರು ಕಾನೂನು ಪ್ರಕಾರ ‘ಈ ವಿಡಿಯೋ ತೆಗೆಯಿರಿ’ ಅಂತ ಅರ್ಜಿ ಕೊಟ್ಟಾಗ ಬರೋದು ಇದು. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ ಮುಚ್ಚುತ್ತೆ. ಅದರ ಜೊತೆ ನಂಟಿರೋ ನಿಮ್ಮ ಬೇರೆ ಚಾನೆಲ್‌ಗಳೂ ಹೋಗಬಹುದು. ಒಂದೇ ವಾರದ ಮೂರು ಎಪಿಸೋಡ್‌ಗೆ ಮೂರು ಅರ್ಜಿ ಬಂದರೆ ಕಥೆ ಮುಗೀತು.

‘ಏಳು ಸೆಕೆಂಡ್ ಒಳಗಿದ್ರೆ ಏನೂ ಆಗಲ್ಲ’ ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ಹಂಗೊಂದು ನಿಯಮ ಕಾನೂನಿನಲ್ಲೂ ಇಲ್ಲ, ಯೂಟ್ಯೂಬ್‌ನಲ್ಲೂ ಇಲ್ಲ. ದೃಶ್ಯವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸೋದು, ಸುತ್ತ ಬಣ್ಣದ ಚೌಕಟ್ಟು ಹಾಕೋದು, ಧ್ವನಿ ದಪ್ಪ ಮಾಡೋದು, ಕೆಳಗೆ ‘ಎಲ್ಲಾ ಹಕ್ಕುಗಳು ವಾಹಿನಿಗೆ ಸೇರಿದ್ದು’ ಅಂತ ಬರೆಯೋದು, ಇವ್ಯಾವುವೂ ರಕ್ಷಣೆ ಅಲ್ಲ. ಕೊನೆಯದಂತೂ ‘ಇದು ನನ್ನದಲ್ಲ ಅಂತ ಗೊತ್ತಿದ್ದೇ ಹಾಕಿದೀನಿ’ ಅಂತ ಬರೆದುಕೊಟ್ಟ ಹಾಗೆ.

ಹಾಗಂತ ಕ್ಲಿಪ್ ಬಳಸೋದೇ ಅಪರಾಧ ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ‘ನ್ಯಾಯಯುತ ಬಳಕೆ’ಗೆ ಅವಕಾಶ ಕೊಟ್ಟಿದೆ. ವಾಹಿನಿಗಳಿಗೆ ತಮ್ಮ ಪ್ರಸಾರದ ಮೇಲೆ ಇರೋ ಪ್ರತ್ಯೇಕ ಹಕ್ಕು 37ನೇ ಕಲಂನದ್ದು. ಅದಕ್ಕೂ 39ನೇ ಕಲಂ ಪ್ರಾಮಾಣಿಕ ವಿಮರ್ಶೆಯ ವಿನಾಯಿತಿ ಇಟ್ಟಿದೆ. ಎಷ್ಟು ಬಳಸಿದ್ರಿ, ಯಾಕೆ ಬಳಸಿದ್ರಿ, ನಿಮ್ಮ ವಿಡಿಯೋ ನೋಡಿದವರು ಮೂಲ ಎಪಿಸೋಡ್ ನೋಡೋ ಅಗತ್ಯವೇ ಇಲ್ಲದ ಹಾಗಾಯ್ತಾ ಅನ್ನೋದರ ಮೇಲೆ ತೀರ್ಮಾನ. ತೊಂದರೆ ಏನಂದ್ರೆ, ಇದನ್ನೆಲ್ಲ ತೂಗಿ ನೋಡೋದು ಕೋರ್ಟ್. ಯೂಟ್ಯೂಬ್‌ನಲ್ಲಿ ವಿಡಿಯೋ ಮೊದಲು ಹೋಗುತ್ತೆ, ವಾದ ಆಮೇಲೆ. ನೀವು ಪ್ರತಿ-ನೋಟಿಸ್ ಕೊಟ್ಟರೆ, ಕಾನೂನು ಕ್ರಮ ತಗೊಂಡಿದ್ದೇವೆ ಅಂತ ತೋರಿಸೋಕೆ ಮಾಲೀಕರಿಗೆ 10 ಕೆಲಸದ ದಿನ ಸಿಗುತ್ತೆ. ಅಷ್ಟರಲ್ಲಿ ಎರಡು ನಾಮಿನೇಷನ್ ಮುಗಿದಿರುತ್ತೆ, ನಿಮ್ಮ ವಿಡಿಯೋ ಹಳಸಿರುತ್ತೆ. 2025ರ ಮೇನಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್ ಮತ್ತು ಸುದ್ದಿಸಂಸ್ಥೆ ಎಎನ್‌ಐ ನಡುವೆ ದೊಡ್ಡ ಜಗಳ ಎದ್ದಿದ್ದೂ ಕೆಲವೇ ಸೆಕೆಂಡಿನ ಕ್ಲಿಪ್‌ಗಳ ಮೇಲಿನ ಸ್ಟ್ರೈಕ್‌ನಿಂದ. ಲಕ್ಷಾಂತರ ಸಬ್‌ಸ್ಕ್ರೈಬರ್ ಇರೋರಿಗೇ ಹೀಗಾದ್ರೆ, ಹೊಸಬರ ಪಾಡು ಕೇಳೋರು ಯಾರು?

ಹಾಗಾದ್ರೆ ದೃಶ್ಯ ಇಲ್ಲದೆ ರಿಯಾಕ್ಷನ್ ಹೆಂಗೆ?

ಕಟ್ಟೆ ಮೇಲೆ ಕೂತು ನಿನ್ನೆಯ ಮ್ಯಾಚ್ ಬಗ್ಗೆ ಮಾತಾಡೋವಾಗ ಯಾರೂ ಟಿವಿ ಹೊತ್ಕೊಂಡು ಬರಲ್ಲ. ಹೇಳೋನು ಚೆನ್ನಾಗಿ ಹೇಳಿದ್ರೆ ಕೇಳೋರು ಎದ್ದು ಹೋಗಲ್ಲ. ಇದೂ ಹಂಗೇ. ನಿಮ್ಮ ವೀಕ್ಷಕರು ಎಪಿಸೋಡ್ ನೋಡಿಯೇ ಬಂದಿರ್ತಾರೆ. ಅವರಿಗೆ ಬೇಕಾಗಿರೋದು ‘ನನಗನ್ನಿಸಿದ್ದೇ ಇವರಿಗೂ ಅನ್ನಿಸ್ತಾ?’ ಅನ್ನೋ ಮಾತು. ಆದ್ದರಿಂದ ಮುಖ, ಧ್ವನಿ, ನೀವೇ ಬರೆದ ಒಂದು ಪಟ್ಟಿ, ಇಷ್ಟರಲ್ಲೇ ಎಂಟು ನಿಮಿಷದ ವಿಡಿಯೋ ಆಗುತ್ತೆ. ಯಾರು ಏನಂದ್ರು ಅಂತ ತೋರಿಸಲೇಬೇಕಾದ ಜಾಗದಲ್ಲಿ ಆ ಮಾತನ್ನು ನೀವೇ ಹೇಳಿ. ತೀರಾ ಅನಿವಾರ್ಯ ಇದ್ರೆ ಮೂರ್ನಾಲ್ಕು ಸೆಕೆಂಡಿನ ತುಣುಕು ಹಾಕಿ, ತಕ್ಷಣ ನಿಲ್ಲಿಸಿ, ಅದರ ಬಗ್ಗೆಯೇ ಮಾತಾಡಿ. ಅದಕ್ಕೂ ಗ್ಯಾರಂಟಿ ಇಲ್ಲ, ಆದರೆ ವಿಮರ್ಶೆ ಅಂತ ವಾದ ಮಾಡೋಕೆ ಒಂದು ಆಧಾರ ಇರುತ್ತೆ.

ವಿಡಿಯೋವನ್ನ ನೇರವಾಗಿ ಪಬ್ಲಿಕ್ ಮಾಡಬೇಡಿ. ಅಪ್‌ಲೋಡ್ ಮಾಡೋವಾಗ ‘ಚೆಕ್ಸ್’ ಅನ್ನೋ ಹಂತ ಬರುತ್ತೆ. ಪ್ರೈವೇಟ್ ಇಟ್ಟು ಅದು ಮುಗಿಯೋವರೆಗೂ ಕಾದರೆ, ಕ್ಲೇಮ್ ಬರುತ್ತಾ ಇಲ್ವಾ ಅಂತ ಬಹಳಷ್ಟು ಸಲ ಮೊದಲೇ ಗೊತ್ತಾಗುತ್ತೆ. ಶಾರ್ಟ್ಸ್ ಹಾಕೋರು ಇನ್ನೊಂದು ನೆನಪಿಡಿ: ಈಗ ಮೂರು ನಿಮಿಷದವರೆಗೂ ಶಾರ್ಟ್ಸ್ ಮಾಡಬಹುದು, ಆದರೆ ಒಂದು ನಿಮಿಷ ದಾಟಿದ ಶಾರ್ಟ್ಸ್‌ಗೆ ಕಂಟೆಂಟ್ ಐಡಿ ಕ್ಲೇಮ್ ಬಂದರೆ ಅದು ಎಲ್ಲಾ ಕಡೆ ಬ್ಲಾಕ್ ಆಗುತ್ತೆ.

ಟಿವಿ ಮುಂದೆ ಮೊಬೈಲ್ ಇಟ್ಟು ಲೈವ್ ಹೋಗೋ ಸಾಹಸ ಮಾತ್ರ ಬೇಡವೇ ಬೇಡ. ಸ್ಟ್ರೈಕ್ ಬರೋಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಲೈವ್ ಮಾಡ್ಬೇಕು ಅಂದ್ರೆ ಎಪಿಸೋಡ್ ಮುಗಿದ ಮೇಲೆ ಕೂತು ಮಾತಾಡಿ, ಹಿಂದೆ ಟಿವಿ ಸದ್ದು ಬರದ ಹಾಗೆ ನೋಡ್ಕೊಳ್ಳಿ. ಮೊಬೈಲ್‌ನಿಂದ ಲೈವ್ ಹೋಗೋಕೆ 50 ಸಬ್‌ಸ್ಕ್ರೈಬರ್ ಬೇಕು, ಒಬ್ಬರೇ ಲೈವ್ ಬರೋಕೆ 16 ವರ್ಷ ಆಗಿರಬೇಕು.

ದುಡ್ಡಿನ ಲೆಕ್ಕ

ಜಾಹೀರಾತಿನ ಪಾಲು ಸಿಗಬೇಕಾದ್ರೆ 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ 4,000 ಗಂಟೆಗೆ ಸೇರಲ್ಲ. ಇದಕ್ಕೂ ಕೆಳಗಿನ ಮೆಟ್ಟಿಲು ಒಂದಿದೆ: 500 ಸಬ್‌ಸ್ಕ್ರೈಬರ್, 90 ದಿನದಲ್ಲಿ ಮೂರು ವಿಡಿಯೋ, 3,000 ಗಂಟೆ ಅಥವಾ ಶಾರ್ಟ್ಸ್‌ಗೆ 30 ಲಕ್ಷ ವ್ಯೂಸ್. ಅಲ್ಲಿ ಜಾಹೀರಾತು ಹಣ ಬರಲ್ಲ, ಆದರೆ ಸೂಪರ್ ಚಾಟ್, ಮೆಂಬರ್‌ಶಿಪ್ ಥರದವು ಸಿಗುತ್ತವೆ.

4,000 ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದ್ರು ಅಂತ ಇಟ್ಕೊಳ್ಳಿ, 60,000 ವ್ಯೂಸ್ ಬೇಕು. ನೂರು ದಿನ ದಿನಕ್ಕೊಂದು ವಿಡಿಯೋ ಹಾಕಿದ್ರೆ, ಒಂದೊಂದಕ್ಕೆ ಸರಾಸರಿ 600 ಜನ ಸಾಕು. ಕೇಳೋಕೆ ಸುಲಭ, ಮೊದಲ ತಿಂಗಳು 600 ಜನ ಬರೋದೇ ಕಷ್ಟ. ಆದರೂ ಒಂದು ಸೀಸನ್‌ನಲ್ಲಿ ಆಗದ ಕೆಲಸ ಏನಲ್ಲ. ಆಗಲಿಲ್ಲ ಅಂದ್ರೆ 12 ತಿಂಗಳ ಆಚೆಗಿನ ಗಂಟೆಗಳು ಒಂದೊಂದಾಗಿ ಲೆಕ್ಕದಿಂದ ಉದುರುತ್ತಾ ಹೋಗುತ್ತವೆ. ಶೋ ಮುಗಿದ ಮೇಲೆ ಚಾನೆಲ್‌ಗೆ ಬೀಗ ಹಾಕಿ ಮುಂದಿನ ಸೀಸನ್‌ಗೆ ಬಂದವರು ಹೆಚ್ಚುಕಮ್ಮಿ ಮೊದಲಿಂದ ಶುರು ಮಾಡ್ಬೇಕು. ಆ ಎಂಟು ತಿಂಗಳು ಸರಿಗಮಪ, ಸೀರಿಯಲ್, ಬೇರೆ ರಿಯಾಲಿಟಿ ಶೋ, ಹೊಸ ಸಿನಿಮಾ ಅಂತ ವಾರಕ್ಕೆ ಒಂದಾದ್ರೂ ವಿಡಿಯೋ ಇರಲಿ.

ಅಂಕಿ ಮುಟ್ಟಿದ ಕೂಡ್ಲೆ ಹಣ ಬರಲ್ಲ. ಯೂಟ್ಯೂಬ್‌ನವರು ಇಡೀ ಚಾನೆಲ್ ಪರಿಶೀಲಿಸ್ತಾರೆ. ಇಲ್ಲೇ ಅನೇಕ ರಿಯಾಕ್ಷನ್ ಚಾನೆಲ್‌ಗಳು ಮುಗ್ಗರಿಸೋದು. ‘ರೀಯೂಸ್ಡ್ ಕಂಟೆಂಟ್’ ಅನ್ನೋ ನಿಯಮದ ಪ್ರಕಾರ, ಇಷ್ಟದ ಶೋನ ದೃಶ್ಯಗಳನ್ನು ಜೋಡಿಸಿ ಅದರ ಮೇಲೆ ಹೆಚ್ಚೇನೂ ಮಾತಿಲ್ಲದೆ ಹಾಕಿದ್ರೆ ಹಣ ಸಿಗಲ್ಲ. ಗಮನಿಸಿ, ಇದಕ್ಕೂ ಕಾಪಿರೈಟ್‌ಗೂ ಸಂಬಂಧ ಇಲ್ಲ. ಒಂದೂ ಕ್ಲೇಮ್ ಬರದಿದ್ರೂ, ಮಾಲೀಕರೇ ಅನುಮತಿ ಕೊಟ್ಟಿದ್ರೂ ಈ ನಿಯಮ ಅನ್ವಯಿಸುತ್ತೆ. ಅದೇ, ದೃಶ್ಯದ ಮೇಲೆ ನಿಮ್ಮ ಸ್ವಂತ ವಿಮರ್ಶೆ ಇದ್ರೆ ರಿಯಾಕ್ಷನ್ ವಿಡಿಯೋಗೆ ಅಡ್ಡಿ ಇಲ್ಲ. ತಿರಸ್ಕಾರ ಆದರೆ ಮೊದಲ ಸಲ 30 ದಿನ ಬಿಟ್ಟು ಮತ್ತೆ ಅರ್ಜಿ ಹಾಕಬಹುದು.

ಜನ ಯಾಕೆ ನಿಮ್ಮ ಚಾನೆಲ್‌ಗೇ ಬರಬೇಕು?

ಎಪಿಸೋಡ್‌ನಲ್ಲಿ ಆದದ್ದನ್ನೆಲ್ಲ ಮೊದಲಿಂದ ಕೊನೆವರೆಗೂ ಒಪ್ಪಿಸೋದು ರಿವ್ಯೂ ಅಲ್ಲ, ವರದಿ. ನೋಡೋವಾಗಲೇ ಒಂದು ನೋಟ್‌ಬುಕ್ ಇಟ್ಕೊಂಡು ಬರ್ಕೊಳ್ಳಿ, ಅದರಲ್ಲಿ ಒಂದೇ ಒಂದು ವಿಷಯ ಆರಿಸಿ. ‘ನಿನ್ನೆ ಟಾಸ್ಕ್‌ನ್ಯಾಗ ಉಸ್ತುವಾರಿ ಮೋಸ ಮಾಡ್ಯಾರ ಅಂತ ಎಲ್ಲಾರೂ ಬೈಯಾಕತ್ತಾರ, ನಂಗ ಹಂಗ ಅನ್ಸಲಿಲ್ರಿ’ ಅಂತ ಶುರು ಮಾಡಿ ನೋಡಿ, ಕೇಳೋರು ಯಾಕೆ ಅಂತ ಕಾಯ್ತಾರೆ. ನಮಸ್ಕಾರ, ಸ್ವಾಗತ, ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ ಅಂತ ಮೊದಲ ಒಂದು ನಿಮಿಷ ಕಳೆದ್ರೆ ಅಷ್ಟರಲ್ಲಿ ಎಷ್ಟು ಜನ ಎದ್ದು ಹೋದ್ರು ಅಂತ ಯೂಟ್ಯೂಬ್ ಸ್ಟುಡಿಯೋದ ಗ್ರಾಫ್‌ನಲ್ಲಿ ಕಾಣುತ್ತೆ. ವ್ಯೂಸ್ ಸಂಖ್ಯೆಗಿಂತ ಆ ಗ್ರಾಫ್ ನೋಡೋ ಅಭ್ಯಾಸ ಒಳ್ಳೇದು.

ಮೇಲಿನ ವಾಕ್ಯ ನಮ್ಮ ಕಡೆ ಭಾಷೆಯಲ್ಲಿ ಬರೆದಿದ್ದು ಬೇಕಂತಲೇ. ಕ್ಯಾಮೆರಾ ಆನ್ ಆದ ಕೂಡ್ಲೆ ಬೆಂಗಳೂರು ಕನ್ನಡ ಮಾತಾಡೋಕೆ ಹೋಗಿ ತಡವರಿಸೋರು ಬಹಳ. ಹನುಮಂತನ ಮಾತನ್ನು ರಾಜ್ಯದ ಜನ ಮೆಚ್ಚಿಕೊಂಡಿದ್ದು ಅದು ಊರಿನ ಮಾತೇ ಆಗಿದ್ದಕ್ಕೆ ಕೂಡ. ಹಾವೇರಿ, ರಾಣೇಬೆನ್ನೂರು ಕಡೆಯ ಮಾತಲ್ಲಿ ಬಿಗ್ ಬಾಸ್ ಬೈದ್ರೆ, ಹೊಗಳಿದ್ರೆ ಅದಕ್ಕೊಂದು ರುಚಿ ಇದೆ.

ಒಬ್ಬರೇ ಸ್ಪರ್ಧಿಯ ಅಭಿಮಾನದ ಮೇಲೆ ಚಾನೆಲ್ ಕಟ್ಟಬೇಡಿ. ವ್ಯೂಸ್ ಬೇಗ ಬರುತ್ತೆ ನಿಜ, ಅವರು ಎಲಿಮಿನೇಟ್ ಆದ ದಿನ ನಿಮ್ಮ ಚಾನೆಲ್ ಕೂಡ ಎಲಿಮಿನೇಟ್. ಆಗದ ಎಲಿಮಿನೇಷನ್ ಆಯ್ತು ಅಂತ ಥಂಬ್‌ನೇಲ್ ಹಾಕೋದೂ ಬೇಡ. ಶೀರ್ಷಿಕೆಯಲ್ಲಿ ಹೇಳಿದ್ದು ವಿಡಿಯೋದಲ್ಲಿ ಇಲ್ಲದಿದ್ರೆ ಕ್ರಮ ತಗೋತೀವಿ ಅಂತ ಯೂಟ್ಯೂಬ್ ಭಾರತದ ಚಾನೆಲ್‌ಗಳಿಗಾಗಿಯೇ 2024ರ ಡಿಸೆಂಬರ್‌ನಲ್ಲಿ ಘೋಷಿಸಿದೆ.

ಇನ್ನೊಂದು ಸೂಕ್ಷ್ಮ. ಆಟದ ಬಗ್ಗೆ ಎಷ್ಟಾದ್ರೂ ಟೀಕೆ ಮಾಡಿ. ಸ್ಪರ್ಧಿಯ ಮನೆಯವರು, ಅದರಲ್ಲೂ ಹೆಣ್ಣುಮಕ್ಕಳ ನಡತೆ, ಜಾತಿ, ಮೈಬಣ್ಣ ಇವಕ್ಕೆ ಕೈ ಹಾಕಿದ್ರೆ ಅದು ರಿವ್ಯೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಮಾನಹಾನಿಗೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ. ಮನೆಯೊಳಗಿರೋ ವ್ಯಕ್ತಿ ಆ ಹೊತ್ತಿಗೆ ಉತ್ತರ ಕೊಡೋಕೂ ಆಗಲ್ಲ ಅನ್ನೋದು ನೆನಪಿರಲಿ. ಕಾಮೆಂಟ್‌ನಲ್ಲಿ ಬೈಗುಳ ತಡೆಯೋಕೆ ಸೆಟ್ಟಿಂಗ್ಸ್‌ನಲ್ಲಿ ‘ಬ್ಲಾಕ್ಡ್ ವರ್ಡ್ಸ್’ ಪಟ್ಟಿ ಇದೆ. ಅಲ್ಲಿ ಬೈಗುಳವನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಎರಡೂ ಥರ ಹಾಕಿ. ಒಂದೇ ಥರ ಹಾಕಿದ್ರೆ ಇನ್ನೊಂದರಲ್ಲಿ ಬಂದು ಬೀಳುತ್ತೆ.

ಸಾಮಾನಿನ ವಿಷಯ ಕೊನೆಗೆ ಹೇಳ್ತಿರೋದು, ಅದು ಅಷ್ಟು ಮುಖ್ಯ ಅಲ್ಲದ್ದಕ್ಕೇ. ಇರೋ ಮೊಬೈಲ್ ಸಾಕು. ದುಡ್ಡು ಹಾಕೋದಿದ್ರೆ ಮೊದಲು ಕಾಲರ್ ಮೈಕ್‌ಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದ್ರೂ ಜನ ನೋಡ್ತಾರೆ, ಮಾತು ಕೇಳದಿದ್ರೆ ಕೂರಲ್ಲ. ಫ್ಯಾನ್ ಆಫ್ ಮಾಡಿ, ಕಿಟಕಿ ಕಡೆ ಮುಖ ಮಾಡಿ ಬೆಳಗ್ಗೆ ಶೂಟ್ ಮಾಡಿದ್ರೆ ಲೈಟ್ ಖರ್ಚೂ ಉಳೀತು.

ಹಣ ಬರೋಕೆ ಶುರುವಾದ ಮೇಲೆ ಹಳ್ಳಿಯವರು ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ, ಅಂಚೆ. ಆಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ನಿಮ್ಮ ವಿಳಾಸಕ್ಕೆ ಪಿನ್ ಇರೋ ಪತ್ರ ಬರುತ್ತೆ, ಸಾದಾ ಅಂಚೆಯಲ್ಲಿ. ನಾಲ್ಕು ತಿಂಗಳೊಳಗೆ ಅದನ್ನ ಹಾಕದಿದ್ರೆ ಜಾಹೀರಾತು ನಿಲ್ಲುತ್ತೆ. ಹಣ ಬ್ಯಾಂಕಿಗೆ ಬರೋದು 100 ಡಾಲರ್ ದಾಟಿದ ಮೇಲೆ. 18 ತುಂಬದವರು ಅಪ್ಪ-ಅಮ್ಮನ ಹೆಸರಲ್ಲೇ ಖಾತೆ ಮಾಡ್ಬೇಕು. ಅಮೆರಿಕದ ತೆರಿಗೆ ಫಾರ್ಮ್ ಕೂಡ ತುಂಬಬೇಕು, ಅದಕ್ಕೆ ಪ್ಯಾನ್ ನಂಬರ್ ಸಾಕು. ವಿಳಾಸ ಬರೆಯೋವಾಗ ಮನೆ ಹಿರಿಯರ ಹೆಸರು, ತಾಂಡಾ ಅಥವಾ ಓಣಿ, ಅಂಚೆ, ತಾಲೂಕು, ಪಿನ್‌ಕೋಡ್ ಎಲ್ಲಾ ಸರಿಯಾಗಿ ಹಾಕಿ, ಊರಿನ ಪೋಸ್ಟ್‌ಮನ್‌ಗೆ ‘ಹಿಂಗೊಂದು ಪತ್ರ ಬರೋದೈತ್ರಿ’ ಅಂತ ಮೊದಲೇ ಒಂದು ಮಾತು ಹೇಳಿಟ್ಟಿರಿ.