ನಿಂಬೆಯ ಚಿಟ್ಟೆಯೂ ಅದರ ಹುಳುವೂ

ನಿಂಬೆ, ಕಿತ್ತಳೆ, ಮಾದಲ, ಚಕ್ಕೋತ ಮುಂತಾದ ಗಿಡಗಳನ್ನು ಬೆಳೆಯುವ ಗ್ರಾಮಗಳಲ್ಲಿ, ಕಪ್ಪು ರೆಕ್ಕೆಗಳ ಮೇಲೆ ಹಳದಿಯ ಮಚ್ಚೆಗಳುಳ್ಳ ದೊಡ್ಡ ಚಿಟ್ಟೆಯೊಂದನ್ನು ಎಲ್ಲರೂ ನೋಡಿರುವರು. ಅದರ ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಇಟ್ಟಿಗೆಯ ಬಣ್ಣದ ಬೊಟ್ಟೊಂದಿರುವುದು. ಚಿಟ್ಟೆಯು ಹೂವಿನ ಮಧುವನ್ನು ಕುಡಿದು ಜೀವಿಸುವುದಾದ್ದರಿಂದ ಅದರಿಂದ ನೇರವಾಗಿ ಕೇಡಿಲ್ಲ. ಗಿಡವನ್ನು ಬರಿದು ಮಾಡತಕ್ಕದ್ದು ಅದರ ಮರಿಯಾದ ಹುಳು. ಇವೆರಡೂ ಒಂದೇ ಪ್ರಾಣಿಯೆಂಬುದನ್ನು ಅನೇಕರು ನಂಬುವುದಿಲ್ಲ. ಅಂಥವರು ಹುಳುವೊಂದನ್ನು ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿ, ದಿನವೂ ಹೊಸ ಎಲೆಯನ್ನು ಹಾಕುತ್ತ ನೋಡಬಹುದು.

ಹೆಣ್ಣು ಚಿಟ್ಟೆಯು ಎಳೆಯ ಚಿಗುರನ್ನೇ ಆರಿಸಿ, ಸಾಸಿವೆಯಷ್ಟು ಗಾತ್ರದ ತಿಳಿಹಳದಿ ಮೊಟ್ಟೆಗಳನ್ನು ಒಂದೊಂದಾಗಿ ಇಡುವುದು. 3-4 ದಿನಗಳಲ್ಲಿ ಹುಳು ಹೊರಬರುವುದು. ಮೊದಲಲ್ಲಿ ಅದು ಕಂದುಬಣ್ಣದ್ದಾಗಿದ್ದು, ಮೈಮೇಲೆ ಬಿಳಿಯ ತೇಪೆಗಳಿರುವುವು. ಎಲೆಯ ಮೇಲೆ ಅಲುಗದೆ ಕುಳಿತಾಗ ಅದು ಹಕ್ಕಿಯ ಹಿಕ್ಕೆಯಂತೆಯೇ ಕಾಣುವುದು. ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಅದಕ್ಕಿರುವ ಈ ಉಪಾಯಕ್ಕೆ ರೈತರೂ ಮೋಸಹೋಗಿ, ಹಿಕ್ಕೆಯೆಂದು ತಿಳಿದು ಮುಂದಕ್ಕೆ ಹೋಗುವರು. ಕೆಡುಕಿನ ಮೂಲವಿರುವುದು ಇಲ್ಲಿಯೇ. ಬೆಳೆದ ಮೇಲೆ ಹುಳುವು ಹಸುರಾಗಿ 1½ ಅಂಗುಲದಷ್ಟಾಗುವುದು. ಅದು ತಿನ್ನುವ ಎಲೆಯಲ್ಲಿ ಬಹುಭಾಗವನ್ನು ಈ ಕಡೆಯ ಕೆಲವು ದಿನಗಳಲ್ಲಿಯೇ ತಿಂದುಹಾಕುವುದು. ದೊಡ್ಡ ಮರಗಳು ಈ ನಷ್ಟವನ್ನು ತಾಳಿಕೊಳ್ಳುವುವು. ಒಟ್ಟುಪಾತಿಯ ಸಸಿಗಳೂ ಹೊಸದಾಗಿ ನೆಟ್ಟ ಗಿಡಗಳೂ ತಾಳಲಾರವು. ಕೆಲವೇ ಹುಳುಗಳಿಂದ ಬರಿಯ ಕಡ್ಡಿಯಾಗುವುವು.

ಹುಳುವನ್ನು ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ ಘಾಟುವಾಸನೆಯನ್ನು ಬಿಡುವುದು. ಇದರಿಂದ ಮನುಷ್ಯರಿಗೆ ಅಪಾಯವೇನೂ ಇಲ್ಲ. ಕೈಯನ್ನು ತೊಳೆದುಕೊಂಡರೆ ಸಾಕು.

ಆದಕಾರಣ ಚಿಗುರು ಬರುವ ಕಾಲದಲ್ಲಿ 3-4 ದಿನಗಳಿಗೊಮ್ಮೆ ಸಸಿಗಳನ್ನು ನೋಡಿ, ಹಿಕ್ಕೆಯಂತೆ ಕಾಣುವುದನ್ನೆಲ್ಲಾ ಕಡ್ಡಿಯಿಂದ ಮುಟ್ಟಿ ಪರೀಕ್ಷಿಸತಕ್ಕದ್ದು. ಹುಳುಗಳನ್ನು ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಸಣ್ಣ ತೋಟಕ್ಕೆ ವಿಷದ್ರಾವಣದ ಖರ್ಚು ಅನಾವಶ್ಯಕ. ಚುರುಕಾದ ಹುಡುಗರಿಬ್ಬರು ಸಾಕು. ಆದರೆ ಒಬ್ಬನೇ ಮಾಡಿದರೆ ಪ್ರಯೋಜನವು ಕಡಿಮೆ. ಈ ಹುಳುವು ಹಿತ್ತಿಲ ಕರಿಬೇವನ್ನೂ ಗುಡಿಯ ಬಳಿಯ ಬಿಲ್ವವನ್ನೂ ತಿನ್ನುವುದು. ಬಿಲ್ವವನ್ನು ಕಡಿಯಬೇಕೆಂದು ಯಾರೂ ಹೇಳುವುದಿಲ್ಲ. ಆ ಗಿಡಗಳ ಎಳೆಯ ಚಿಗುರುಗಳನ್ನೂ ನೋಡಿಸುವುದು ಉತ್ತಮ.

ಬೆಳೆದ ಹುಳುವು ಕಡ್ಡಿಗೆ ಅಂಟಿಕೊಂಡು, ನಡುವಿಗೆ ನೂಲಿನ ಪಟ್ಟಿಯನ್ನು ಬಿಗಿದು ಕೋಶವಾಗುವುದು. ಇಂಥ ಕೋಶಗಳನ್ನು ಒಡನೆಯೇ ಜಜ್ಜಬಾರದು. ಕೆಲವುಗಳೊಳಗೆ ಹುಳುವನ್ನು ಕೊಲ್ಲುವ ಸಣ್ಣ ಕಣಜಗಳು ಬೆಳೆಯುತ್ತಿರುವುವು. ಕೋಶಗಳನ್ನು ಮಡಕೆಯಲ್ಲಿ ಹಾಕಿ, ಕಣಜವು ಹೊರಹೋಗುವಷ್ಟು, ಚಿಟ್ಟೆಯು ಹೋಗಲಾರದಷ್ಟು ಕಣ್ಣುಳ್ಳ ತಂತಿಬಲೆಯನ್ನು ಬಾಯಿಗೆ ಕಟ್ಟಿ, ತೋಟದ ನೆರಳಿನಲ್ಲಿ ಇಡತಕ್ಕದ್ದು.