ತೂಕ ಒಂದೇ, ಕೈ ಬೇರೆ

ಪುದೀನ ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಸಿ ನೋಡಿ. ಆಮೇಲೆ ಸಬ್ಬಸಿಗೆ ಬೀಜವನ್ನು. ಎರಡರ ಘಮದಲ್ಲೂ ದೊಡ್ಡ ಪಾಲು ಕಾರ್ವೋನ್ ಎಂಬ ಅಣುವಿನದು. ಪರಮಾಣುಗಳು ಅವೇ, ಜೋಡಣೆಯ ಕ್ರಮವೂ ಅದೇ. ಆದರೆ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಮೂಗಿಗೆ ಥಟ್ಟನೆ ತಿಳಿಯುವ ಈ ವ್ಯತ್ಯಾಸ ಆಸ್ಪತ್ರೆಯ ಲ್ಯಾಬಿಗೆ ಎಷ್ಟೋ ಸಲ ತಿಳಿಯುವುದಿಲ್ಲ.

ಸಣ್ಣ ಕರುಳಿನ ಬಹುಭಾಗ ಕಳೆದುಕೊಂಡ ಕೆಲವರಿಗೆ, ಅನ್ನವೋ ಸಿಹಿಯೋ ಹೆಚ್ಚು ತಿಂದ ಮೇಲೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಮಂಕು ಕವಿಯುತ್ತದೆ. ಕುಡಿದಿದ್ದಾರೆಂದು ನೋಡಿದವರು ಭಾವಿಸಬಹುದು. ರಕ್ತದಲ್ಲಿ ಆಮ್ಲ ಏರಿರುತ್ತದೆ, ಲ್ಯಾಕ್ಟೇಟ್ ರಿಪೋರ್ಟ್ ಮಾತ್ರ ನಾರ್ಮಲ್! ಜೀರ್ಣವಾಗದ ಪಿಷ್ಟ, ಸಕ್ಕರೆ ದೊಡ್ಡ ಕರುಳಿಗಿಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಡಿ-ಲ್ಯಾಕ್ಟೇಟ್ ತಯಾರಿಸುತ್ತವೆ. ನಮ್ಮ ದೇಹ ಮುಖ್ಯವಾಗಿ ತಯಾರಿಸುವುದು ಅದರ ಕನ್ನಡಿ ಬಿಂಬವಾದ ಎಲ್-ಲ್ಯಾಕ್ಟೇಟ್; ಸಾಮಾನ್ಯ ಪರೀಕ್ಷೆಯ ಕಿಣ್ವ ಗುರುತಿಸುವುದೂ ಅದನ್ನೇ. ಮನುಷ್ಯರಲ್ಲಿ ಈ ತೊಂದರೆ ಮೊದಲು ವರದಿಯಾದದ್ದು 1979ರಲ್ಲಿ. ಇಂದಿಗೂ ವೈದ್ಯರು ಅನುಮಾನಪಟ್ಟು ಡಿ-ಲ್ಯಾಕ್ಟೇಟನ್ನೇ ಹೆಸರಿಸಿ ಕೇಳಬೇಕು. ಕೇಳದಿದ್ದರೆ ಅದು ಸಿಗುವುದಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ.

ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಸಾಲದೇ? ಸಾಲದು. ಬಿಂಬಗಳೆರಡರ ತೂಕವೂ ಒಂದೇ. ಉದಾಹರಣೆಗೆ, ಮೂತ್ರದಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಅಣು ಹೆಚ್ಚಿರುವ ಮಗುವಿನ ಮಾದರಿಯಲ್ಲಿ ವಾಡಿಕೆಯ ಪರೀಕ್ಷೆ ಒಂದೇ ಏರು ತೋರಿಸುತ್ತದೆ. ಆದರೆ ಡಿ ಹೆಚ್ಚಿದರೆ ಒಂದು ಆನುವಂಶಿಕ ಕಾಯಿಲೆ, ಎಲ್ ಹೆಚ್ಚಿದರೆ ಇನ್ನೊಂದು. ಕೆಟ್ಟಿರುವ ಜೀನ್‌ಗಳೇ ಬೇರೆ. ಕೆಲವು ಮಿದುಳಿನ ಗೆಡ್ಡೆಗಳಲ್ಲಿ ರೂಪಾಂತರಗೊಂಡ ಐಡಿಎಚ್1 ಕಿಣ್ವ ಇದೇ ಅಣುವಿನ ಡಿ ರೂಪವನ್ನೇ ಉತ್ಪಾದಿಸುತ್ತದೆಂದು 2009ರಲ್ಲಿ ತಿಳಿಯಿತು.

ಬೇರ್ಪಡಿಸುವ ಉಪಾಯ ಸೊಗಸಾಗಿದೆ. ಬಲಗೈಯನ್ನು ಬಲಗೈಯಿಂದ ಕುಲುಕುವುದಕ್ಕೂ ಎಡಗೈಯಿಂದ ಕುಲುಕುವುದಕ್ಕೂ ಹಿಡಿತ ಬೇರೆಯಲ್ಲವೇ? ಹಾಗೆಯೇ, ಒಂದೇ ಕೈಯ ರಾಸಾಯನಿಕವನ್ನು ಎರಡು ಬಿಂಬಗಳಿಗೂ ಅಂಟಿಸಿದರೆ ಆಗುವ ಜೋಡಿಗಳು ಪರಸ್ಪರ ಬಿಂಬಗಳಾಗಿ ಉಳಿಯುವುದಿಲ್ಲ. ಅಣುಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ ಕಾಲಮ್ಮಿನಿಂದ ಹಿಂದೆಮುಂದಾಗಿ ಹೊರಬರುತ್ತವೆ. ಇಲ್ಲಿ ಬಳಸುವ ಒಂದು ರಾಸಾಯನಿಕ ಟಾರ್ಟಾರಿಕ್ ಆಮ್ಲದಿಂದ ಮಾಡಿದ್ದು. 1848ರಲ್ಲಿ ಇಪ್ಪತ್ತೈದರ ಲೂಯಿ ಪಾಶ್ಚರ್ ಎಡ–ಬಲ ಹರಳುಗಳನ್ನು ಕೈಯಾರೆ ಆರಿಸಿ ಬೇರ್ಪಡಿಸಿದ್ದು ಇದೇ ಆಮ್ಲದ ಲವಣದಲ್ಲಿ. ಕಾಲಮ್ಮಿನ ಒಳಗನ್ನೇ ಎಡ–ಬಲ ಅರಿಯುವಂತೆ ಮಾಡುವ ದಾರಿಯೂ ಇದೆ.

ಕೊಬ್ಬಿನ ಅಣುಗಳಲ್ಲಿ ಎಡ–ಬಲದ ಲೆಕ್ಕ ಮತ್ತೊಂದು ಸುಳಿವು ಕೊಡುತ್ತದೆ. 12-ಹೀಟೆ ಎಂಬುದನ್ನು ರಕ್ತದ ಪ್ಲೇಟ್‌ಲೆಟ್‌ಗಳ ಕಿಣ್ವ ಎಸ್ ರೂಪದಲ್ಲೇ ಮಾಡುತ್ತದೆ; ಅದರ ಕನ್ನಡಿ ಬಿಂಬ ಆರ್ ರೂಪ. ಎಸ್, ಆರ್ ಎರಡೂ ಸಮಸಮ ಸಿಕ್ಕರೆ, ಕಿಣ್ವದ ಹಂಗಿಲ್ಲದೆ ಕೊಬ್ಬು ಆಕ್ಸಿಜನ್‌ಗೆ ಸಿಕ್ಕಿ ಕೆಟ್ಟಿರುವ ಶಂಕೆ ಮೂಡುತ್ತದೆ. ಅದು ರೋಗಿಯ ಮೈಯಲ್ಲೇ ಆಗಿರಬಹುದು. ತಣ್ಣಗಿಡದೆ ಮೇಜಿನ ಮೇಲೆ ಮರೆತ ಟ್ಯೂಬಿನಲ್ಲೂ ಆಗಿರಬಹುದು.